ಮೂರು ದೇಶದಲ್ಲಿ ಕೂರಿಸಿದ ಕೀಲು

ನನ್ನ ತಮ್ಮನ ಮಗಳ ಬಲಗೈ ಸೊಂಟದಿಂದ ಮೇಲಕ್ಕೆ ಏಳುವುದಿಲ್ಲ. ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಜಪಾನಿನವಳು ಎತ್ತಿ ಒಗೆದಳು ಅಂತ ಕೆಲವರು. ಹೆಣ್ಣಿಗೆ ಕುಸ್ತಿ ಯಾಕೆ ಬೇಕಿತ್ತು, ದೇವರು ತೋರಿಸಿದ ಅಂತ ಕೆಲವರು. ಜಪಾನಿನವಳದ್ದು ತಪ್ಪಿಲ್ಲ. ದೇವರಿಗೂ ಆ ಕಡೆ ಏನೂ ಕೆಲಸ ಇರಲಿಲ್ಲ. ಆ ಕೈ ಕೆಡಿಸಿದವಳು ನಾನು. ಮೂರನೇ ಕ್ಲಾಸಿನವರೆಗೆ ಓದಿದವಳು ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಈ ಮಾತನ್ನು ತಿದ್ದಬೇಡಿ.

ನಮ್ಮಪ್ಪ ಪಿರಿಯಾಪಟ್ಟಣದ ಕಡೆಯಿಂದ ಕುಶಾಲನಗರದ ಹತ್ತಿರಕ್ಕೆ ಬಂದು ಜಮೀನು ಮಾಡಿದವನು. ಬಂದ ವರ್ಷವೇ ಮನೆ ಹಿಂದೆ ಗರಡಿ ಕಟ್ಟಿದ. ಕುಸ್ತಿ ಕಲಿಸುವುದು ಒಂದು ಕೆಲಸ, ಮೂಳೆ ಕಟ್ಟುವುದು ಇನ್ನೊಂದು. ಮೆಣಸು ಕುಯ್ಯಲು ಒಂಟಿ ಬಿದಿರಿನ ಏಣಿ ಹತ್ತಿ ಬಿದ್ದವರು, ನೆರಳಿನ ಮರದ ಕೊಂಬೆ ಸವರುವ ಮರಗಸಿ ಮಾಡುವಾಗ ಕೊಂಬೆಯ ಜೊತೆ ಕೆಳಗೆ ಬಂದವರು, ಎಲ್ಲರನ್ನೂ ಜೀಪಿನಲ್ಲಿ ಹಾಕಿ ನಮ್ಮ ಮನೆಗೆ ತರುತ್ತಿದ್ದರು. ಅಷ್ಟು ದೂರದ ಕರಿಕೆಯಿಂದ ಕೂಡ ಬರುತ್ತಿದ್ದರು. ಹೆಂಗಸರು ಗರಡಿಯ ಹೊಸಿಲು ದಾಟುವಂತಿರಲಿಲ್ಲ. ಆದರೆ ನೋವಿನಲ್ಲಿ ಒದೆಯುವ ಗಂಡಸನ್ನು ಜಗಲಿಯ ಮೇಲೆ ಅದುಮಿ ಹಿಡಿಯಲು ನಾನೇ ಬೇಕು. ಹಾಗೆ ಹಿಡಿದು ಹಿಡಿದು ನಾನೂ ಕಲಿತೆ. ಭುಜದ ಕೀಲು ತಪ್ಪಿದರೆ ಎಲ್ಲಿ ಕಾಲು ಕೊಡಬೇಕು, ಎಷ್ಟು ಎಳೆಯಬೇಕು, ಯಾವಾಗ ತಿರುಗಿಸಬೇಕು, ಎಲ್ಲ ನನ್ನ ಕೈಗೆ ಗೊತ್ತು. ಕೂರಿಸಿದ ಮೇಲೆ ಮೊಟ್ಟೆಯ ಬಿಳಿ ಲೋಳೆಯಲ್ಲಿ ಉದ್ದಿನ ಹಿಟ್ಟು ಕಲಸಿ ಬಟ್ಟೆ ಸುತ್ತಿ ಕಟ್ಟಬೇಕು. ಕಟ್ಟಿದ ಮೇಲೆ ನಲವತ್ತೆಂಟು ದಿನ ಆ ಕೈಯಲ್ಲಿ ಒಂದು ಚೊಂಬು ನೀರೂ ಎತ್ತಬಾರದು. ನಲವತ್ತನೇ ದಿನ ಕೊಡ ಎತ್ತಿದ ಒಬ್ಬ ಪೈಲ್ವಾನನನ್ನು ಅಪ್ಪ ಮತ್ತೆ ಗರಡಿಗೆ ಸೇರಿಸಲೇ ಇಲ್ಲ. "ಕೀಲು ಕೂರ್ಸೋದು ಕೈಚಳಕ, ಯಾರ್ ಬೇಕಾದ್ರೂ ಕಲೀಬೋದು. ಕಾಯೋದೇ ವೈದ್ಯ" ಎನ್ನುತ್ತಿದ್ದ.

ಅಪ್ಪ ಹೋದ ಮೇಲೆ ಗರಡಿಗೆ ಬರುವವರು ಇಲ್ಲವಾದರು. ತಮ್ಮ ಅದರೊಳಗೆ ಶುಂಠಿ ಮೂಟೆ ಪೇರಿಸಿದ. ಅವನಿಗೆ ಇದ್ದದ್ದು ಒಬ್ಬಳೇ ಮಗಳು, ದೊಡ್ಡ ಮೈಕಟ್ಟಿನವಳು, ತಾತನ ಹಾಗೆಯೇ ಕತ್ತು. ಶುಂಠಿ ಮೂಟೆ ಒಂದು ಕಡೆ ಸರಿಸಿ, ಚಾಪೆ ಹಾಸಿ, ಅವಳಿಗೆ ಪಟ್ಟು ಹೇಳಿಕೊಟ್ಟ. ಹೆಂಗಸರು ಒಳಗೆ ಕಾಲಿಡಬಾರದು ಎಂಬುದು ಶುಂಠಿ ಬಂದ ದಿನವೇ ಹೋಗಿತ್ತು. ಹುಡುಗಿ ಜಿಲ್ಲೆಗೆ ಗೆದ್ದಳು, ರಾಜ್ಯಕ್ಕೆ ಗೆದ್ದಳು. ಕ್ರೀಡೆಯವರಿಗೆ ಸರ್ಕಾರಿ ಕೆಲಸ ಸಿಗುತ್ತದೆ ಎಂದು ಮೂರು ವರ್ಷ ಅರ್ಜಿ ಹಾಕಿದಳು. ಸಿಗಲಿಲ್ಲ. ಆಮೇಲೆ ಪಂಜಾಬಿನಲ್ಲಿ ಟಿವಿ ಕುಸ್ತಿ ಕಲಿಸುವ ಒಂದು ಶಾಲೆಗೆ ಹೋಗಿ ಒಂದು ವರ್ಷ ಇದ್ದು ಬಂದಳು.

ಆ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂದು ಮೊದಲೇ ಮಾತಾಡಿಕೊಂಡಿರುತ್ತಾರೆ. ಇದನ್ನು ಕೇಳಿ ತಮ್ಮ ಎರಡು ದಿನ ಅನ್ನ ಬಿಟ್ಟ. ಮೂರನೇ ದಿನ ಹಸಿವಾಯಿತು, ಉಂಡ. ಅವಳು ಮಾತ್ರ ತಣ್ಣಗೆ ಹೇಳಿದಳು: "ಗೆಲ್ಲೋದು ಸುಳ್ಳು ಕಣಪ್ಪ. ಬೀಳೋದು ಸುಳ್ಳಲ್ಲ. ಬೀಳೋದ್ ಕಲಿಯಕ್ಕೇ ಒಂದ್ ವರ್ಷ ಹಿಡೀತು." ಆಗ ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ದುಬೈಯಲ್ಲಿ ಆಟ ಆಡಿಸುವ ಒಂದು ಕಂಪನಿಯವರು ಕರೆದರು. ಮದುವೆಯಾಗದ ಹುಡುಗಿಯನ್ನು ಒಬ್ಬಳನ್ನೇ ಕಳಿಸುವುದಿಲ್ಲ ಎಂದು ತಮ್ಮ ಪಟ್ಟು ಹಿಡಿದ. ಅವನಿಗೆ ಸಕ್ಕರೆ ಕಾಯಿಲೆ, ಕಾಲಲ್ಲಿ ಹುಣ್ಣು. ಉಳಿದವಳು ನಾನು. ಗಂಡ ಸತ್ತು ಇಪ್ಪತ್ತು ವರ್ಷ, ಮಕ್ಕಳಿಲ್ಲ, ಕಾಫಿ ಕ್ಯೂರಿಂಗ್ ಫ್ಯಾಕ್ಟರಿಯಲ್ಲಿ ಕಪ್ಪು ಬೀಜ ಆಯುವ ಕೆಲಸವನ್ನೂ ಮಂಡಿನೋವೆಂದು ಬಿಟ್ಟಿದ್ದೆ. ಮೈ ತಿಕ್ಕಲು, ಅಡುಗೆಗೆ, ಕಾವಲಿಗೆ ಎಂದು ನನ್ನನ್ನು ಹೊರಡಿಸಿದರು. ಮಾಕುಟ್ಟ ಘಾಟಿ ಇಳಿದು ಕಣ್ಣೂರಿನಲ್ಲಿ ವಿಮಾನ ಹತ್ತಿದೆವು. ಚೆಕ್‌ಪೋಸ್ಟಿನಲ್ಲಿ ಪೊಲೀಸಿನವನು ನನ್ನ ಚೀಲ ಬಿಚ್ಚಿ ಉದ್ದಿನ ಹಿಟ್ಟಿನ ಪೊಟ್ಟಣ ಹಿಡಿದು, ಅಲ್ಲಿ ದೋಸೆ ಅಂಗಡಿ ಹಾಕ್ತೀರಾ ಎಂದು ಕೇಳಿದ. ಹುಡುಗಿ ವಿರಾಜಪೇಟೆಯಿಂದಲೂ ಅಳುತ್ತಿದ್ದವಳು ಆಗ ನಕ್ಕಳು.

ದುಬೈಯ ಕಂಪನಿ ಯಜಮಾನ ಮುಂಬೈ ಕಡೆಯವನು. ನಾನು ಹುಡುಗಿಯ ಬೆನ್ನು ತಿಕ್ಕುವುದನ್ನು ಎರಡು ದಿನ ನೋಡಿದ. ಮೂರನೇ ದಿನ ನನಗೆ ಕೆಂಪು ಸೀರೆ ಉಡಿಸಿ, ಕೂದಲು ಬಿಚ್ಚಿಸಿ, ಹಣೆ ತುಂಬ ಕುಂಕುಮ ಬಳಿಸಿ, ಕೈಗೆ ಬೇವಿನ ಸೊಪ್ಪು ಕೊಟ್ಟು ಹುಡುಗಿಯ ಹಿಂದೆ ನಡೆಸಿದ. ನಾನು ಮಂತ್ರವಾದಿ ಮುದುಕಿಯಂತೆ. ಎದುರಾಳಿಗೆ ಮಾಟ ಮಾಡಬೇಕಂತೆ. ನನಗೆ ಮಂತ್ರ ಬರುವುದಿಲ್ಲ. ಕಣ್ಣು ಅರಳಿಸಿ, ಗಂಟಲು ದಪ್ಪ ಮಾಡಿ, "ಮೆಣಸು ಒಣಗಿಲ್ಲ, ಶುಂಠಿ ಕೊಳ್ತೋಯ್ತು, ಹಸ ಕರು ಹಾಕ್ಲಿಲ್ಲ" ಎಂದು ಕೂಗಿದೆ. ಸಭೆಯಲ್ಲಿ ಸಾವಿರ ಜನ ನನ್ನ ಮೇಲೆ ಹೋ ಎಂದು ಬಿದ್ದರು. ಮೇಲಿನ ಸಾಲಿನಲ್ಲಿ ನಮ್ಮ ಕಡೆಯ ಕೂಲಿ ಹುಡುಗರು ಇದ್ದರು ಅಂತ ಕಾಣುತ್ತದೆ, ಅವರು ಮಾತ್ರ ಹೊಟ್ಟೆ ಹಿಡಿದು ನಗುತ್ತಿದ್ದರು.

ನನಗೆ ಅದು ಹಿಡಿಸಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹುಟ್ಟಿದಾಗಿನಿಂದ ನಾನು ಎಲ್ಲಿಗೆ ಹೋದರೂ ಯಾರೂ ತಿರುಗಿ ನೋಡಿರಲಿಲ್ಲ. ಮದುವೆ ಮನೆಯಲ್ಲಿ ವಿಧವೆಯೆಂದು ಒಲೆ ಮುಂದೆ ಕೂರಿಸುತ್ತಿದ್ದರು. ಇಲ್ಲಿ ಪರದೆ ಸರಿಸಿ ಕಾಲಿಟ್ಟರೆ ಸಾವಿರ ಜನ ಎದ್ದು ನಿಂತು ಬೈಯುತ್ತಾರೆ. ಬೈಗುಳವಾದರೂ ನನಗೇ ತಾನೆ.

ಎರಡನೇ ತಿಂಗಳಲ್ಲಿ ಹುಡುಗಿಯ ಭುಜ ಮೊದಲ ಸಲ ತಪ್ಪಿತು. ಆಟದ ಸುಳ್ಳಲ್ಲ. ಎತ್ತರದ ಒಬ್ಬಳು ಹೆಗಲ ಮೇಲಿಂದ ಹಾಕಿದಾಗ ಕೈ ಕೆಳಗೆ ಸಿಕ್ಕಿಕೊಂಡಿತು. ಪರದೆ ಹಿಂದಕ್ಕೆ ತಂದು ಮಲಗಿಸಿದರು. ಅಲ್ಲಿಯ ಡಾಕ್ಟರು ಆಸ್ಪತ್ರೆಗೆ ಒಯ್ದು ಫೋಟೋ ತೆಗೆಯಬೇಕು ಎಂದ. ನಾನು ಅವನನ್ನು ಪಕ್ಕಕ್ಕೆ ಸರಿಸಿ, ಕಂಕುಳಿಗೆ ಹಿಮ್ಮಡಿ ಕೊಟ್ಟು, ಎಳೆದು ತಿರುಗಿಸಿದೆ. ಕೀಲು ಕೂತಿತು. ನೋಡುತ್ತಿದ್ದವರೆಲ್ಲ ಚಪ್ಪಾಳೆ ಹೊಡೆದರು. ಯಾರೋ ಫೋನಿನಲ್ಲಿ ಹಿಡಿದಿದ್ದರು, ಅದು ಊರೂರು ತಿರುಗಿತು. ಮಾರನೇ ದಿನ ಯಜಮಾನ ಬಂದು, ಅಮ್ಮಾ ಇದನ್ನೇ ಜನರ ಎದುರಿಗೆ ರಿಂಗಿನೊಳಗೆ ಮಾಡಬೇಕು, ಹುಡುಗಿ ಕೈ ತಪ್ಪಿದ ಹಾಗೆ ಬೀಳಲಿ, ನೀವು ಕೂರಿಸಿ, ಅವಳು ಎದ್ದು ಗೆಲ್ಲಲಿ ಎಂದ.

ಹುಡುಗಿ ಕಟ್ಟು ಹಾಕಿಕೊಂಡು ಮಂಚದ ಮೇಲೆ ಕೂತಿದ್ದಳು. ಅವಳು ಕೇಳಿದ್ದು ಒಂದೇ: "ಅತ್ತೆ, ತಾತ ಎಷ್ಟ್ ದಿನ ಅಂತಿತ್ತು?"

ನಾನು ಹೇಳಿದೆ: "ಅದು ಗರಡಿ ಮಣ್ಣಲ್ಲಿ ನಿಜವಾಗ್ ಸೆಣಸೋರ್ಗೆ ಕಣ್ ಕೂಸೆ. ಇದು ಮಾತಾಡ್ಕಂಡ್ ಆಡೋ ಆಟ ತಾನೆ. ಹತ್ ದಿನ ಸಾಕು."

ಗೆಲುವು ಸುಳ್ಳಾದರೆ ಮೂಳೆಯೂ ಸುಳ್ಳೇ ಎಂಬಂತೆ ನಾನು ಲೆಕ್ಕ ಹಾಕಿದೆ. ಅಪ್ಪ ಬದುಕಿದ್ದರೆ ನನ್ನನ್ನು ಜಗಲಿಯಿಂದ ಒದ್ದು ಕೆಳಗೆ ಹಾಕುತ್ತಿದ್ದ. ಹನ್ನೊಂದನೇ ದಿನ ಅವಳನ್ನು ರಿಂಗಿಗೆ ಹತ್ತಿಸಿದೆ.

ಅಲ್ಲಿಂದ ಮಲೇಷ್ಯಾ, ಅದೇ ಯಜಮಾನನೇ ಗೊತ್ತು ಮಾಡಿ ಕಳಿಸಿದ್ದು. ಅಲ್ಲಿ ಬೇರೆ ಕಂಪನಿ, ಬೇರೆ ಹೆಸರು, ಆಟ ಮಾತ್ರ ಇದೇ. ಅವಳು ಬಿದ್ದು ಕೈ ಜೋತು ಹಾಕುತ್ತಾಳೆ. ನಾನು ಹಗ್ಗದ ಕೆಳಗೆ ನುಸುಳಿ ಒಳಗೆ ಹೋಗುತ್ತೇನೆ. ಶುಂಠಿ ಮಂತ್ರ ಹೇಳುತ್ತೇನೆ. ಎಳೆಯುವ ಹಾಗೆ ಮಾಡುತ್ತೇನೆ. ಅವಳು ಕಿರುಚಿ ಎದ್ದು ನಿಲ್ಲುತ್ತಾಳೆ. ಮೊದಮೊದಲು ಬರೀ ನಟನೆ. ಮೂರನೇ ಆಟದಲ್ಲಿ ನಾನು ಕೈ ಹಿಡಿದಾಗ ಅವಳು ಮೆಲ್ಲಗೆ, "ಅತ್ತೆ, ನಿಜ್ವಾಗ್ಲೂ ಬಂದೈತೆ" ಎಂದಳು. ಮುಟ್ಟಿ ನೋಡಿದೆ, ಹೌದು, ಮೂಳೆಯ ಗುಂಡು ಗುಳಿಯಿಂದ ಆಚೆ ಇತ್ತು. ಕೂರಿಸಿದೆ. ನಟನೆಗೆ ಹೊಡೆದಷ್ಟೇ ಚಪ್ಪಾಳೆ ಹೊಡೆದರು. ಜನಕ್ಕೇನು ಗೊತ್ತಾಗುತ್ತದೆ.

ಆಮೇಲೆ ಅದು ಅಭ್ಯಾಸವಾಯಿತು. ಒಂದು ಸಲ ಸಡಿಲವಾದ ಕೀಲು ಹಳೇ ಬಾಗಿಲಿನ ಅಗುಳಿಯ ಹಾಗೆ, ತಟ್ಟಿದರೆ ಸಾಕು. ತಲೆ ಬಾಚುವಾಗ ತಪ್ಪುತ್ತಿತ್ತು. ಮಗ್ಗುಲು ತಿರುಗಿದರೆ ತಪ್ಪುತ್ತಿತ್ತು. ನಾನು ಕೂರಿಸುತ್ತಿದ್ದೆ. ಒಂದು ಮಧ್ಯಾಹ್ನ ಹೋಟೆಲಿನ ರೂಮಿನಲ್ಲಿ ಅನ್ನ ಕಲಸುತ್ತಿದ್ದವಳು ಕೈ ನಿಲ್ಲಿಸಿ, ಯಜಮಾನನಿಗೆ ಫೋನ್ ಮಾಡಿ ಎರಡು ತಿಂಗಳು ಬಿಡುವು ಕೇಳು ಎಂದಳು. ತಾನೇ ಕೇಳಿದರೆ ಎರಡು ದಿನದಲ್ಲಿ ತನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ, ನೀನು ವೈದ್ಯದವಳು, ನೀನು ಹೇಳಿದರೆ ಕೇಳುತ್ತಾರೆ ಎಂದಳು. ಎರಡು ತಿಂಗಳು ಅಂದರೆ ನಲವತ್ತೆಂಟು ದಿನಕ್ಕಿಂತ ಹೆಚ್ಚೇ. ತಾತನ ಲೆಕ್ಕ ಅವಳು ಮರೆತಿರಲಿಲ್ಲ.

ಫೋನ್ ಹಿಡಿದು ವರಾಂಡಕ್ಕೆ ಹೋದೆ. ಫೋನಿನಲ್ಲಿ ಜಪಾನಿನ ಆಟದ ಪೋಸ್ಟರು ಬಂದು ಕೂತಿತ್ತು. ಅದರಲ್ಲಿ ನನ್ನ ಮುಖ ದೊಡ್ಡದು, ಅವಳದು ನನ್ನ ಹೆಗಲ ಹಿಂದೆ ಚಿಕ್ಕದು. ನೋಡುತ್ತಾ ನಿಂತೆ. ಹತ್ತು ನಿಮಿಷ ಬಿಟ್ಟು ಒಳಗೆ ಬಂದೆ. "ಆಗಲ್ಲ ಅಂದ್ರು ಕಣ್ ಮಗ. ಜಪಾನ್ ಒಂದ್ ಮುಗಿಸ್ಬುಡಿ ಅಂದ್ರು" ಎಂದೆ.

ನಾನು ಫೋನ್ ಮಾಡಿರಲೇ ಇಲ್ಲ.

ಅವಳು ಸರಿ ಎಂದು ತಲೆ ಆಡಿಸಿ ಉಳಿದ ಅನ್ನ ಉಂಡಳು.

ಜಪಾನಿನಲ್ಲಿ ದೊಡ್ಡ ಊರಲ್ಲ, ಒಂದು ಚಿಕ್ಕ ಊರಿನ ಸಭಾಂಗಣ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಅದು ನನಗೆ ಹಿಡಿಸಿತು. ಎದುರಾಳಿ ಗಟ್ಟಿ ಹೆಂಗಸು, ವಯಸ್ಸು ನಲವತ್ತು ದಾಟಿರಬೇಕು. ಆಟಕ್ಕೆ ಮೊದಲು ಬಂದು ನನಗೆ ಬಗ್ಗಿ ನಮಸ್ಕಾರ ಮಾಡಿದಳು. ಹುಡುಗಿಯ ಭುಜ ಮುಟ್ಟಿ ನೋಡಿ, ಬೇಡ ಎಂಬಂತೆ ಕೈ ಆಡಿಸಿದಳು. ಎತ್ತಿ ಒಗೆಯುವುದು ಬೇಡ, ಬೇರೆ ಏನಾದರೂ ಮಾಡೋಣ ಎಂದು ಸನ್ನೆ. ಹುಡುಗಿ ನನ್ನ ಮುಖ ನೋಡಿದಳು. ಕೈ ಕೂರಿಸುವುದು ಇಲ್ಲದಿದ್ದರೆ ನಾನು ರಿಂಗಿನೊಳಗೆ ಹೋಗಿ ಮಾಡುವುದೇನು? ಏನಾಗಲ್ಲ, ಆಡು ಎಂದು ನಾನೇ ಸನ್ನೆ ಮಾಡಿದೆ.

ಬಿದ್ದಳು. ಕೈ ಬಂತು. ನಾನು ಒಳಗೆ ಹೋಗಿ ಎಳೆದೆ. ಕೂರಲಿಲ್ಲ. ನನ್ನ ಜೀವಮಾನದಲ್ಲಿ ನಾನು ಎಳೆದ ಕೀಲು ಕೂರದೇ ಇದ್ದದ್ದು ಅದೇ ಮೊದಲು. ಸುತ್ತ ಜನ ಒಂದೇ ತಾಳದಲ್ಲಿ ಕೈ ತಟ್ಟುತ್ತಿದ್ದರು. ಅಪ್ಪ ಹೇಳಿಕೊಟ್ಟ ಪ್ರಕಾರ, ಒಂದು ಸಲ ಕೂರದಿದ್ದರೆ ಬಿಟ್ಟು, ಬಿಸಿನೀರು ಹಾಕಿ, ಮೈ ಸಡಿಲವಾದ ಮೇಲೆ ನೋಡಬೇಕು. ನಾನು ತಾಳಕ್ಕೆ ಸಿಕ್ಕಿ ಎರಡನೇ ಸಲ ಎಳೆದೆ, ಮೂರನೇ ಸಲ ನನ್ನ ಪೂರಾ ಭಾರ ಹಾಕಿ ಎಳೆದೆ. ಒಳಗೆ ಏನೋ ಹರಿದದ್ದು ನನ್ನ ಅಂಗೈಗೆ ಗೊತ್ತಾಯಿತು. ಅವಳು ಕಿರುಚಲಿಲ್ಲ. ನಟನೆಗೆ ಅಷ್ಟು ಕಿರುಚುತ್ತಿದ್ದವಳು ಆಗ ಬಾಯಿ ಬಿಡಲಿಲ್ಲ. ಅವಳ ಬೆರಳು ತಣ್ಣಗಾದವು.

ಜಪಾನಿನವಳೇ ಬಂದು ನನ್ನ ರಟ್ಟೆ ಹಿಡಿದು ಆಚೆ ನೂಕಿದಳು. ಎರಡೂ ಕೈ ಮೇಲೆತ್ತಿ ಅಡ್ಡ ಹಿಡಿದು ಆಟ ನಿಲ್ಲಿಸಿದಳು. ಜನ ಅದೂ ಕಥೆಯೇ ಎಂದುಕೊಂಡು, ವೈದ್ಯ ಮಾಡುವ ಮುದುಕಿಯನ್ನು ನೂಕಿದಳಲ್ಲ ಎಂದು ಅವಳ ಮೇಲೆ ಕೂಗಾಡಿದರು. ಆ ಕೂಗಿನಲ್ಲೇ ಅವಳು ಹುಡುಗಿಯನ್ನು ಹೊತ್ತುಕೊಂಡು ಹೋದಳು.

ಆಸ್ಪತ್ರೆಯಲ್ಲಿ ನರ ಹರಿದಿದೆ ಎಂದರು. ಭುಜ ಕುಯ್ದು ಹೊಲಿದರು. ಡಾಕ್ಟರು ದುಭಾಷಿಯ ಮೂಲಕ, ಈ ಕೀಲನ್ನು ಇದಕ್ಕೆ ಮೊದಲು ಎಷ್ಟು ಸಲ ಹೀಗೆ ಎಳೆದಿದ್ದಾರೆ, ಎಳೆದವರು ಯಾರು ಎಂದು ಕೇಳಿದ. ಹುಡುಗಿ ಯಾರೆಂದು ಹೇಳಲಿಲ್ಲ. ಬಹಳ ಸಲ ಎಂದಷ್ಟೇ ಹೇಳಿದಳು. ದುಭಾಷಿ ಹೆಂಗಸಿಗೆ ನನ್ನ ಹಣೆಯ ಮೇಲಿನ ವೇಷದ ಕುಂಕುಮ ಕಾಣುತ್ತಿತ್ತು, ಎಳೆದವಳು ಯಾರೆಂದು ಬೇರೆ ಕೇಳಲಿಲ್ಲ.

ನಾಲ್ಕನೇ ದಿನ ಯಜಮಾನ ಹೂ ಹಿಡಿದು ಬಂದ. ನೋವಿದ್ದರೆ ಒಂದು ಮಾತು ಹೇಳಬಾರದಿತ್ತೇ, ಬಿಡುವು ಕೊಡುತ್ತಿದ್ದೆನಲ್ಲ ಎಂದ. ಅವನು ಕೊಡುತ್ತಿದ್ದನೋ ಇಲ್ಲವೋ, ಅವನ ಬಾಯಿಗೆ ನಂಬಿಕೆಯಿಲ್ಲ. ಹುಡುಗಿ, ಮಲೇಷ್ಯಾದಲ್ಲಿ ಅತ್ತೆ ಫೋನ್ ಮಾಡಿ ಕೇಳಿತ್ತಲ್ಲ ಎಂದಳು. ನನಗೆ ಯಾರೂ ಫೋನ್ ಮಾಡಿಲ್ಲ ಎಂದು ಅವನು ಫೋನ್ ತೆಗೆದು ತೋರಿಸಿದ. ಅದೊಂದು ಮಾತು ಮಾತ್ರ ಅವನು ನಿಜ ಹೇಳಿದ್ದು.

ಅವನು ಹೋದ ಮೇಲೆ ನಾನು ಅವಳ ದಿಂಬು ಸರಿ ಮಾಡಲು ಹೋದೆ. "ಅತ್ತೆ, ನನ್ನ ಮುಟ್ಬೇಡಿ" ಎಂದಳು. ಗಟ್ಟಿಯಾಗಿ ಹೇಳಲಿಲ್ಲ. ಅಲ್ಲಿಂದ ಈಚೆಗೆ ನನ್ನನ್ನು ನೀವು ಎನ್ನುತ್ತಾಳೆ.

ಊರಿಗೆ ಬಂದು ನಾಲ್ಕು ವರ್ಷವಾಯಿತು. ತಮ್ಮನಿಗೆ ಅವಳು ಪೂರಾ ಹೇಳಿಲ್ಲ, ನನ್ನನ್ನು ಮನೆಯಿಂದ ಹೊರಗೆ ಹಾಕಲಿ ಎಂದೂ ಹೇಳಿಲ್ಲ. ಅದು ನನ್ನ ಮೇಲಿನ ದಯೆಯಲ್ಲ, ಆ ಮಾತು ಎತ್ತುವುದೇ ಅವಳಿಗೆ ಅಸಹ್ಯ. ಕಾವೇರಿ ದಂಡೆಯಲ್ಲಿ ಪ್ರವಾಸಿಗರು ಬರುವ ಜಾಗದಲ್ಲಿ ಟಿಕೆಟ್ ಹರಿದು ಕೊಡುವ ಕೆಲಸ ಹಿಡಿದಿದ್ದಾಳೆ. ಎಡಗೈಯಲ್ಲಿ ಹರಿಯುತ್ತಾಳೆ. ಉಣ್ಣುವುದೂ ಎಡಗೈಯಲ್ಲೇ. ಒಂದು ಮದುವೆಯಲ್ಲಿ ಪಂಕ್ತಿಯಲ್ಲಿ ಕೂತಾಗ ಪಕ್ಕದ ಮುದುಕ ಎಲೆ ಎತ್ತಿಕೊಂಡು ಆಚೆ ಹೋದ. ಆಮೇಲೆ ಅವಳು ಯಾವ ಊಟಕ್ಕೂ ಹೋಗಿಲ್ಲ. ಒಂದು ಕೈಯಲ್ಲಿ ಜಡೆ ಹಾಕಿಕೊಳ್ಳಲು ಬರುವುದಿಲ್ಲ. ಅವಳ ಅಮ್ಮನಿಗೆ ಕೈ ನಡುಕ. ನಾನು ಇದ್ದೇನೆ, ಇದೇ ಮನೆಯಲ್ಲಿ, ಹತ್ತು ಬೆರಳೂ ಸರಿಯಾಗಿ. ಅವಳು ಬಾಚಣಿಗೆ ಹಿಡಿದು ಪಕ್ಕದ ಮನೆಗೆ ಹೋಗುತ್ತಾಳೆ, ದಿನಾ ಬೆಳಿಗ್ಗೆ, ಬಸ್ಸಿಗೆ ಮೊದಲು. ಅವಳು ನಮ್ಮ ಬೇಲಿ ದಾಟಿ ಹೋಗುವುದನ್ನು ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ನನಗೆ ಬೇಕಾಗಿದ್ದದ್ದು ಇಷ್ಟೇ, ಒಂದು ದಿನ ಆ ಬಾಚಣಿಗೆ ನನ್ನ ಕೈಗೆ ಬರಬೇಕು. ಕ್ಷಮೆ ಗಿಮೆ ಎಲ್ಲ ದೊಡ್ಡ ಮಾತು.

ಹೋದ ಮೆಣಸಿನ ಕುಯ್ಲಿನಲ್ಲಿ ಶ್ರೀಮಂಗಲದ ಕಡೆಯ ಎಸ್ಟೇಟಿನಿಂದ ಒಂದು ಜೀಪು ಬಂತು. ಏಣಿಯಿಂದ ಬಿದ್ದ ಆಳು, ಭುಜ ಇಳಿದಿತ್ತು. ದಾರಿಯಲ್ಲಿ ಗೋಣಿಕೊಪ್ಪದ ಆಸ್ಪತ್ರೆಗಳನ್ನೆಲ್ಲ ದಾಟಿಕೊಂಡು ನನ್ನ ಹತ್ತಿರ ಬಂದಿದ್ದರು, ಫೋನಿನಲ್ಲಿ ನನ್ನ ಆಟ ನೋಡಿ. ನಾನು ಬಿಟ್ಟಿದ್ದೇನೆ, ಆಸ್ಪತ್ರೆಗೆ ಹೋಗಿ ಎಂದೆ. ಜೊತೆಗೆ ಬಂದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಿಡಲಿಲ್ಲ.

"ಏನಜ್ಜಿ, ಫಾರಿನ್ನವ್ರಿಗೆ ಮಾತ್ರ ಮಾಡೋದಾ? ನಮ್ಮ ಲೈನ್‌ಮನೆ ಕೂಲಿಯವ್ರ ಕೈ ಕೈ ಅಲ್ವಾ?"

ಆ ದಿನ ಅವಳಿಗೆ ರಜೆ. ಒಳಗಿನಿಂದ ಬಂದಳು. ರೈಟರ ಮುಂದೆ ನಿಂತು, ಎಡಗೈಯಲ್ಲಿ ಬಲಗೈ ತೋಳಿನ ಬಟ್ಟೆ ಮೇಲಕ್ಕೆ ಸರಿಸಿದಳು. ಹೊಲಿಗೆಯ ಗುರುತು, ಒಣಗಿ ಕೋಲಾದ ರಟ್ಟೆ.

"ಇದೂ ನಮ್ಮತ್ತೆ ಕೂರ್ಸಿದ್ದೇ ಸರ್. ಮೂರ್ ದೇಶದಲ್ಲಿ ಕೂರ್ಸಿದ್ರು. ಎತ್ತಿ ತೋರಿಸ್ತೀನಿ, ನೋಡಿ."

ಎತ್ತಿದಳು. ಸೊಂಟದವರೆಗೆ ಬಂತು, ನಿಂತಿತು. ಹಾಗೆಯೇ ಹಿಡಿದುಕೊಂಡು ನಿಂತಳು, ಅವರು ನೋಡಿ ಮುಗಿಸುವವರೆಗೆ. ಬಿದ್ದ ಆಳೇ ಮೊದಲು ಜೀಪಿನ ಕಡೆ ತಿರುಗಿದ.

ಅದಾಗಿ ಒಂದು ವಾರಕ್ಕೆ ಪಕ್ಕದ ಮನೆಯವಳು ಹೆರಿಗೆಗೆಂದು ತವರಿಗೆ ಹೋದಳು. ಬೆಳಿಗ್ಗೆ ನಮ್ಮ ಹುಡುಗಿ ಬಂದು ಜಗಲಿಯಲ್ಲಿ ನನಗೆ ಬೆನ್ನು ಹಾಕಿ ಕೂತು, ಬಾಚಣಿಗೆಯನ್ನು ಹಿಂದಕ್ಕೆ ಚಾಚಿದಳು. ಬೇರೆ ಯಾರೂ ಇರಲಿಲ್ಲ, ಅದಕ್ಕೆ. ನಾನು ಬೇರೆ ಅರ್ಥ ಹಚ್ಚಿಕೊಂಡೆ. ಕೂದಲು ಬಿಟ್ಟು ಚರ್ಮಕ್ಕೆ ಬೆರಳು ತಾಗದ ಹಾಗೆ ಬಾಚಿದೆ. ಹೀಗೆ ಎರಡು ತಿಂಗಳು ನಡೆಯಿತು. ಒಂದೊಂದು ದಿನ ಬಸ್ಸಿನ ಮಾತು, ಆನೆ ರಸ್ತೆಗೆ ಬಂದ ಮಾತು ಆಡುತ್ತಿದ್ದಳು.

ಒಂದು ಬೆಳಿಗ್ಗೆ ಅರ್ಧ ಜಡೆ ಹಾಕಿದ್ದೆ, ಅವಳ ಮಡಿಲಲ್ಲಿದ್ದ ಫೋನ್ ಹೊಡೆದುಕೊಂಡಿತು. ಅದೇ ಯಜಮಾನ. ಅವಳು ಸ್ಪೀಕರಿಗೆ ಹಾಕಿದಳು. ಹೊಸ ಕಂಪನಿ ಕಟ್ಟಿದ್ದಾನಂತೆ, ನೇಪಾಳದ ಒಬ್ಬ ಹುಡುಗಿ ಸಿಕ್ಕಿದ್ದಾಳಂತೆ, ಅಮ್ಮನನ್ನು, ಅಂದರೆ ನನ್ನನ್ನು, ಜನ ಇನ್ನೂ ಕೇಳುತ್ತಾರಂತೆ. ಅಮ್ಮ ಬರುತ್ತಾರಾ?

"ಯಾವ ದೇಶ?" ಎಂದು ನಾನು ಕೇಳಿದೆ.

ನನ್ನ ಬಾಯಿಂದ ಬಂದದ್ದು ಅದೇ. ಅವನು ದೇಶದ ಹೆಸರು ಹೇಳಿದ. ಆಮೇಲೆ ನಾನು ಬರುವುದಿಲ್ಲ, ಆಗುವುದಿಲ್ಲ, ಇನ್ನು ಮೇಲೆ ಫೋನ್ ಮಾಡಬೇಡಿ ಎಂದೆಲ್ಲ ಹೇಳಿದೆ. ಎಲ್ಲ ಆಮೇಲೆ. ಅವಳ ಕತ್ತು ನನ್ನ ಕೈಯ ಹತ್ತಿರವೇ ಇತ್ತು, ಕೂದಲಿನ ಎಳೆಯೂ ಅಲ್ಲಾಡಲಿಲ್ಲ.

ಫೋನ್ ಇಟ್ಟಳು. ತಿರುಗಿ ನೋಡಲಿಲ್ಲ.

"ಅವ್ರು ಮತ್ತೆ ಮಾಡ್ತಾರೆ ಅತ್ತೆ. ಆ ಹುಡ್ಗಿ ಭುಜ ಹೆಂಗೈತೆ ಅಂತ ಮೊದ್ಲು ಕೇಳಿ. ದೇಶ ಆಮೇಲೆ ಕೇಳಿ." ಎಡಗೈಯಲ್ಲಿ ಅರ್ಧ ಜಡೆ ತಡವಿ ನೋಡಿ, "ಬೇಗ ಮುಗ್ಸಿ, ಬಸ್ಸಿಗೆ ಹೊತ್ತಾಯ್ತು" ಎಂದಳು.

ಜಡೆ ಮುಗಿಸಿ ರಬ್ಬರ್ ಬ್ಯಾಂಡ್ ಹಾಕಿದೆ. ಆ ವಾರವೇ ಪಕ್ಕದ ಮನೆಯವಳು ಮಗು ಎತ್ತಿಕೊಂಡು ತವರಿನಿಂದ ಬಂದಳು. ಹಸಿ ಬಾಣಂತಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಇವಳ ಜಡೆ ಹಾಕುತ್ತಾಳೆ.